ಚುಕ್ಕೆ ಅಲಸಂದೆಯ ಕಾವಲು

ವಸ್ತುಸಂಗ್ರಹಾಲಯದ ಬೀಜ ಸಂರಕ್ಷಣೆಯ ಮಳಿಗೆಗೆ ಹೊಸ ರೂಪ ಕೊಡಲು ಡಿಸೈನರ್ ಬಂದ ದಿನವೇ ಬೀಜದಕ್ಕನಿಗೆ ಅವನ ಮೇಲೆ ಗುಮಾನಿ ಹುಟ್ಟಿತು. ಹುಟ್ಟದೆ ಇರುತ್ತದೆಯೇ? ಬಂದವನೇ ಭತ್ತದ ಕಾಳನ್ನು ಹಲಗೆಗೆ ಗೋಂದಿನಲ್ಲಿ ಅಂಟಿಸಿ, "ಚೆನ್ನಾಗಿದೆ ಅಲ್ವಾ?" ಎಂದು ಹಲ್ಲು ಕಿರಿದ. ಜೀವ ಇರುವ ಕಾಳು ಕಣ್ರೀ ಅದು! ಆ ಮಳಿಗೆಯಲ್ಲಿ ಹತ್ತೊಂಬತ್ತು ವರ್ಷ ಸೀಸೆ ಒರೆಸುತ್ತ, ಶಾಲೆ ಮಕ್ಕಳಿಗೆ ಪಾಠ ಹೇಳುತ್ತ ಬಂದವಳು ಆಕೆ. ಅವತ್ತೇ ಅವನಿಗೆ ಗೋಂದಪ್ಪ ಎಂದು ಹೆಸರಿಟ್ಟಳು. ಸಂಜೆ ಹೊರಡುವಾಗ ಅವನ ಚೀಲ ಊದಿದ್ದರೆ ಒಂದು ಅನುಮಾನ, ಚಪ್ಪಟೆಯಾಗಿದ್ದರೆ ಇನ್ನೊಂದು.

ಅವಳ ಜೀವವೆಲ್ಲ ಇದ್ದದ್ದು ಒಂದೇ ಸೀಸೆಯಲ್ಲಿ. ಅಮ್ಮ ಹಿತ್ತಲಲ್ಲಿ ಬೆಳೆಯುತ್ತಿದ್ದ ಚುಕ್ಕೆ ಅಲಸಂದೆ ಅದು. ಆ ತಳಿ ಬೇರೆಲ್ಲೂ ಉಳಿದಿರಲಿಲ್ಲ. ಇದ್ದದ್ದು ಅದೊಂದೇ ಹಿಡಿ. ಗೋಂದಪ್ಪನ ಕಣ್ಣೂ ಅದರ ಮೇಲೆಯೇ ಬಿತ್ತು.

"ಅಕ್ಕಾ, ಇದರಲ್ಲಿ ಹತ್ತು ಕಾಳು ಬೇಕಿತ್ತು."

"ಯಾಕಪ್ಪಾ?"

"ಈಗಲೇ ಹೇಳಲ್ಲ. ಮಳಿಗೆ ತೆರೆಯೋ ದಿನ ನೀವೇ ನೋಡಿ."

ನೋಡ್ತೀನಿ, ನೋಡ್ತೀನಿ ಎಂದುಕೊಂಡಳು ಬೀಜದಕ್ಕ. ಅಂದು ಸಂಜೆಯೇ ನೋಡಲು ಹಾಗೇ ಇರುವ ಅಲಸಂದೆಯನ್ನು ಅಂಗಡಿಯಿಂದ ತಂದು ಸೀಸೆಗೆ ಸುರಿದಳು. ಅಸಲಿ ಕಾಳು ಡಬ್ಬಿಯಲ್ಲಿ ಮನೆ ಸೇರಿತು. ಒಲೆಯ ಮೇಲಿನ ಅಟ್ಟಕ್ಕೆ ಯಾರೂ ಕೈ ಹಾಕುವುದಿಲ್ಲವೆಂದು ಡಬ್ಬಿಯನ್ನು ಅಲ್ಲೇ ಅಡಗಿಸಿದಳು. ಮಾರನೇ ದಿನ, "ತಗೋಪ್ಪಾ, ಧಾರಾಳವಾಗಿ ತಗೋ," ಎಂದು ಸೀಸೆಯನ್ನು ಅವನ ಮುಂದೆ ಹಿಡಿದಳು. ಎರಡೇ ದಿನಕ್ಕೆಂದು ಅಟ್ಟದಲ್ಲಿಟ್ಟದ್ದು, ಅವನ ಕೆಲಸ ಮುಗಿಯದೆ, ಮೂರು ತಿಂಗಳಾಯಿತು.

ಮಳಿಗೆ ತೆರೆದ ದಿನ ನಟ್ಟನಡುವೆ ಒಂದು ಗಾಜಿನ ಪೆಟ್ಟಿಗೆ ಇತ್ತು. ಒಳಗೆ ಒದ್ದೆ ಬಟ್ಟೆಯ ಮೇಲೆ ಹತ್ತು ಕಾಳೂ ಮೊಳೆತಿದ್ದವು. ಕೆಳಗಿನ ಚೀಟಿಯಲ್ಲಿ ಅವಳ ಅಮ್ಮನ ಹೆಸರು.

"ಇದನ್ನೂ ಅಂಟಿಸಿಬಿಡ್ತೀನಿ ಅಂದ್ಕೊಂಡಿದ್ರಾ?" ಎಂದು ನಕ್ಕ ಅವನು. "ಈ ಸಸಿಗಳನ್ನ ತೋಟದಲ್ಲಿ ನೆಟ್ಟು ಬೀಜ ಮಾಡ್ಕೊಳ್ಳೋಣ ಅಕ್ಕಾ. ತಳಿ ಉಳೀತು ಅಂತಲೇ ಲೆಕ್ಕ."

ಬೀಜದಕ್ಕ ಮನೆಗೆ ಓಡಿದವಳೇ ಡಬ್ಬಿ ಇಳಿಸಿ, ಮೊದಲು ಹತ್ತು ಕಾಳು, ಅವು ಮೊಳೆಯದಿದ್ದಾಗ ಉಳಿದದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ವಾರ ಕಳೆಯಿತು. ಒಂದಾದರೂ ಮೊಳೆಯಬಾರದೇ! ಎಲ್ಲವೂ ಲೋಳೆಯಾಗಿ ನಾರುತ್ತಿದ್ದವು. ಬಿಸಿ, ಹಬೆ ತಾಗಿದರೆ ಬೀಜ ಸಾಯುತ್ತದೆ ಎಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟವಳು ಅವಳೇ. ಅಂದು ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಮಳಿಗೆಗೆ ಬಂದವಳೇ ಪೆಟ್ಟಿಗೆಯ ಚೀಟಿಯನ್ನು ಉಗುರಿನಿಂದ ಕೆರೆದು ಕೀಳತೊಡಗಿದಳು.

"ಅಯ್ಯೋ, ಏನಕ್ಕಾ ಇದು! ನಿಮ್ಮಮ್ಮನ ಹೆಸರಲ್ವಾ?" ಎಂದು ಓಡಿಬಂದ ಡಿಸೈನರ್.

"ಇದು ಅಂಗಡಿ ಕಾಳಪ್ಪಾ," ಎಂದಳು. "ಅಮ್ಮಂದನ್ನ ನಿನ್ನ ಕೈಗೆ ಸಿಗಬಾರದು ಅಂತ ಬಚ್ಚಿಟ್ಟು, ನಾನೇ ಕೊಂದೆ."