ಹೇರೋಹಳ್ಳಿಯ ಗೋಡೆಯ ಮೇಲಿನ ಕಡಲು

ಚಿತ್ರಕಲಾ ಶಿಕ್ಷಕಿಯಾದ ನಾನು ಭಾನುವಾರಗಳಂದು ಗೋಡೆಚಿತ್ರಗಳನ್ನು ಹುಡುಕಿಕೊಂಡು ಅಲೆಯುತ್ತೇನೆ. ಹಾಗೆ ಹೇರೋಹಳ್ಳಿಗೆ ಹೋದಾಗ ಮಲ್ಪೆಯ ಹುಡುಗಿಯೊಬ್ಬಳು ಏಣಿ ಹತ್ತಿ, ಉದ್ದನೆಯ ಕಾಂಪೌಂಡಿನ ಮೇಲೆ ತನ್ನೂರಿನ ಕಡಲು, ದೋಣಿ, ಬಲೆಗಳನ್ನು ಬರೆಯುತ್ತಿದ್ದಳು. ಬರೆಯಲು ಹೇಳಿದ್ದ ಸೈಟಿನ ಯಜಮಾನ ಪಕ್ಕದಲ್ಲೇ ನಿಂತಿದ್ದ.

ಅಷ್ಟರಲ್ಲಿ ಅವನ ಅಣ್ಣ ಹಾರೆ ಹಿಡಿದು ಬಂದ. "ಈ ಜಾಗ ನಂದು ಕಣೋ! ಯಾರನ್ನ ಕೇಳಿ ಬಣ್ಣ ಹೊಡಿಸ್ತಾ ಇದೀಯ?" ಎಂದು ಕೂಗುತ್ತಲೇ ಏಣಿಗೆ ಒದ್ದ. ಹುಡುಗಿ ಕೆಳಗೆ ಬಿದ್ದಳು. ಅವಳ ಎಡಗೈ ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಅವನು ತಿರುಗಿಯೂ ನೋಡದೆ ಹಾರೆಯಿಂದ ದೋಣಿಗಳನ್ನು ಕುಕ್ಕತೊಡಗಿದ. ಇಟ್ಟಿಗೆ ಚೂರುಗಳು ಸಿಡಿದವು. ತಮ್ಮ ಅಲ್ಲೇ ಬಿದ್ದಿದ್ದ, ತಾರಸಿ ಹಾಕುವಾಗ ಆನಿಸುವ ಸೆಂಟ್ರಿಂಗ್ ಮರದ ತುಂಡೊಂದನ್ನು ಎತ್ತಿಕೊಂಡು ಹಿಂದಿನಿಂದ ಅಣ್ಣನ ತಲೆಗೆ ಎರಡು ಏಟು ಹಾಕಿದ. ಅಣ್ಣ ಕುಸಿದ. ತಮ್ಮ ಓಡಿಹೋದ.

ಬಿದ್ದವನು ಸಾಯಲಿ ಅನ್ನಿಸಿತು ನನಗೆ. ಹುಡುಗಿಯನ್ನು ಎಬ್ಬಿಸಲು ಹೋದರೆ ಅವಳಾಗಲೇ ತೆವಳುತ್ತಾ ಅವನ ಬಳಿ ಹೋಗಿ, ಬಣ್ಣ ಒರೆಸುವ ಬಟ್ಟೆಯನ್ನು ಗಾಯಕ್ಕೆ ಒತ್ತುತ್ತಿದ್ದಳು.

"ನಿನ್ನ ಕೈ ಮುರಿದೋನು ಕಣಮ್ಮಾ ಅವ್ನು!" ಎಂದೆ.

"ಗೊತ್ತುಂಟು ಮೇಡಂ. ನನಗೆ ಒಂದೇ ಕೈಯಲ್ಲಿ ಆಗುವುದಿಲ್ಲ, ನೀವು ಗಟ್ಟಿ ಹಿಡಿಯಿರಿ," ಅಂದಳು.

ಹಿಡಿದೆ. ಆಂಬುಲೆನ್ಸ್ ಬರುವವರೆಗೂ ಅವನ ಬಿಸಿ ರಕ್ತ ನನ್ನ ಬೆರಳುಗಳ ನಡುವೆ ಹರಿಯುತ್ತಲೇ ಇತ್ತು. ಅವನು ಬದುಕಿದ. ಅಣ್ಣ ಒದ್ದದ್ದು, ತಮ್ಮ ಹೊಡೆದದ್ದು ಎರಡನ್ನೂ ಪೊಲೀಸರಿಗೆ ಕಂಡಂತೆ ಹೇಳಿದೆ. ಇಬ್ಬರ ಮೇಲೂ ಕೇಸಾಯಿತು. ಹುಡುಗಿಯ ಕೈಗೆ ರಾಡ್ ಹಾಕಿದರು. ಮೂರು ವಾರ ನನ್ನ ಮನೆಯಲ್ಲೇ ಇದ್ದು ಅವಳು ಊರಿಗೆ ಹೋದಳು.