ಅತ್ತೆ ಬಾಯಿಯ "ಯಾ"

ಪರದೇಶದ ಹೆಂಗಸೊಬ್ಬಳು ನಮ್ಮಲ್ಲಿ ಮೂರು ದಿನ ಇದ್ದಳೆಂದು ನನ್ನ ನೆನಪು. ಅಥವಾ ಮೂರು ದಿನ ಇರಲೇ ಇಲ್ಲ, ಒಂದೇ ಮಧ್ಯಾಹ್ನ ಬಂದು ಹೋದಳೇನೋ. ಕೋಟೆ ತಾಲ್ಲೂಕಿನ ಬುಡಕಟ್ಟು ಹಾಡಿಯೊಂದರ ಶಾಲೆಗೆ ಬಂದಿದ್ದ ಸ್ಪೇನ್ ದೇಶದ ಹೆಂಗಸು ಪಿರಿಯಾಪಟ್ಟಣದ ಹತ್ತಿರದ ನಮ್ಮ ಹೊಲಕ್ಕೂ ಬಂದು, ನನ್ನ ಸೋದರತ್ತೆಯ ಪಕ್ಕ ಕೂತು ಕಡ್ಡಿಗೆ ಹೊಗೆಸೊಪ್ಪು ಕಟ್ಟಿದ್ದಂತೂ ನಿಜ. ಆದರೂ ಆಣೆ ಮಾಡು ಅಂದರೆ ಹಿಂಜರಿಯುತ್ತೇನೆ. ಒಂದೊಂದು ಕಡ್ಡಿ ತುಂಬಿದಾಗಲೂ ಅವಳು "ಯಾ" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಆ ಮಾತು ಅತ್ತೆಯ ಬಾಯಲ್ಲಿ ಉಳಿಯಿತು.

"ಏನ್ಲಾ, ಸೊಪ್ಪು ಕಟ್ತಿದ್ದೀಯೋ, ಮದ್ವೆ ಎಣ್ಗೆ ಜಡೆ ಆಕ್ತಿದ್ದೀಯೋ? ಯಾ, ಬುಡು!" ಅಂತ ನನ್ನ ಮೇಲೆ ರೇಗುವಳು.

ಟೀ ಬಂದರೆ "ಯಾ". ಯಾರಾದರೂ ಹಳೇ ಸುದ್ದಿ ತಂದರೆ "ಯಾ, ಯಾ". ಈಚೆಗೆ ಸ್ಪ್ಯಾನಿಷ್ ನಿಘಂಟಿನಲ್ಲಿ ಆ ಮಾತಿನ ಅರ್ಥ ನೋಡಿದೆ: ಆಗಲೇ, ಈಗ, ಸಾಕು, ಗೊತ್ತಾಯ್ತು, ಬಂದೆ, "ಇಲ್ಲ"ದ ಜೊತೆ ಸೇರಿದರೆ, ಇನ್ನು ಮುಂದಿಲ್ಲ. ಅತ್ತೆ ಇವಷ್ಟನ್ನೂ ತಾನಾಗಿ ಬಳಸುತ್ತಿದ್ದಳೆಂದು ಬರೆಯುವ ಆಸೆ ನನಗೆ. ಆ ಆಸೆಯೇ ನೆನಪನ್ನು ತಿದ್ದಿರಬಹುದು.

ಸೊಪ್ಪನ್ನು ಬಿಸಿಯಲ್ಲಿ ಒಣಗಿಸಿ ಬೇಯಿಸುವ ಮನೆ, ಬ್ಯಾರನ್ನಿನ ವಿಷಯ ಮಾತ್ರ ತಿದ್ದಿದ್ದಲ್ಲ. ಒಳಗಿನ ಸೊಪ್ಪು ಹಳದಿಗೆ ತಿರುಗಿದೊಡನೆ ಬೆಂಕಿ ಏರಿಸಬೇಕು, ತಡವಾದರೆ ಕಂದುತ್ತದೆ. ಥರ್ಮಾಮೀಟರ್ ಇತ್ತು. ಆದರೂ ಅತ್ತೆ ಗಾಳಿಕಿಂಡಿಗೆ ಮೂಗಿಟ್ಟು "ಯಾ" ಅನ್ನುವವರೆಗೆ ಮನೆಯಲ್ಲಿ ಯಾರೂ ಸೌದೆ ಮುಟ್ಟುತ್ತಿರಲಿಲ್ಲ.

ಕೊನೆಯ ವರ್ಷ ಕಾಯಿಲೆ ಬಿದ್ದಾಗಲೂ ಬ್ಯಾರನ್ ಮುಂದೆಯೇ ಮಂಚ ಹಾಕಿಸಿಕೊಂಡಳು. ಒಂದು ಬೆಳಿಗ್ಗೆ ನಾನೂ ಅಪ್ಪನೂ ಅವಳನ್ನು ಹಿಡಿದು ಕಿಂಡಿಯ ಮುಂದೆ ನಿಲ್ಲಿಸಿದೆವು. ಮೂಸಿದಳು. ಏನೂ ಹೇಳದೆ ಬಂದು ಮಲಗಿದಳು.

"ಅಕ್ಕ, ಬೆಂಕಿ ಏರಿಸ್ಲಾ?" ಅಪ್ಪ ಕೇಳಿದ.

ಅತ್ತೆ ಗೋಡೆ ಕಡೆ ಹೊರಳಿದಳು.

"ತಡೀರಿ, ಅತ್ತಿಗೆ ಬಾಯಿಂದ ಬರ್ಲಿ," ಅಂದಳು ಅಮ್ಮ.

ಬ್ಯಾರನ್ ಬಾಗಿಲ ಗಾಜಿನಿಂದ ಸೊಪ್ಪಿನ ಹಳದಿ ನನಗೆ ಚೆನ್ನಾಗಿ ಕಾಣುತ್ತಿತ್ತು. ಅಪ್ಪನಿಗೂ ಕಂಡಿತ್ತು. ಅವಳು ಎದುರಿಗಿರುವಾಗ ಅವಳ ಮಾತನ್ನು ನಾವು ಆಡಿಬಿಡುವುದು ಹೇಗೆ? ಸಂಜೆಯವರೆಗೆ ಕೂತೆವು. ಇಡೀ ಬ್ಯಾರನ್ ಕಂದಿಹೋಯಿತು. ಸೊಪ್ಪು ಇಳಿಸುವಾಗ, ಸಣ್ಣದಕ್ಕೂ ರೇಗುವ ಅಪ್ಪ, ಕಡ್ಡಿಗಳನ್ನು ಮೆಲ್ಲಗೆ ಒಂದೊಂದಾಗಿ ಕೆಳಗಿಟ್ಟ.

ಈಗ ಸೊಪ್ಪಿನ ಬಣ್ಣವನ್ನೂ ಥರ್ಮಾಮೀಟರನ್ನೂ ನೋಡಿ ನಾನೇ ಬೆಂಕಿ ಏರಿಸುತ್ತೇನೆ. ಸೊಪ್ಪು ಚೆನ್ನಾಗಿಯೇ ಬರುತ್ತದೆ. ಆದರೂ ಸೌದೆ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಲ್ಲುತ್ತೇನೆ, ಆ ಒರಟು ದನಿ ಕೇಳಬೇಕೆನಿಸುತ್ತದೆ. ಆ ಬೆಳಿಗ್ಗೆ ಅವಳಿಗೆ ವಾಸನೆ ಸಿಗಲಿಲ್ಲವೋ, ಸಿಕ್ಕರೂ ಹೇಳುವ ಮನಸ್ಸಾಗಲಿಲ್ಲವೋ. ಅದಾದ ಮೇಲೂ ಅವಳು ಹಲವು ದಿನ ಬದುಕಿದ್ದಳು, ಯಾಕೆಂದು ನಾನು ಕೇಳಲಿಲ್ಲ. ಗೊತ್ತಿಲ್ಲ.