ಬಾಗಿಲಿಲ್ಲದ ಊರನ್ನು ಬರೆದವರು

ಡೊಂಬಿವಲಿಯಿಂದ ಠಾಣೆ ಶಹರಕ್ಕೆ ಒಂದೇ ಲೋಕಲ್ ರೈಲಿನಲ್ಲಿ ಹೋಗುತ್ತಿದ್ದ ನಮಗೆಲ್ಲ ಅವರು ಕಾದಂಬರಿಕಾರರು. ಉಡುಪಿ ಕಡೆಯವರು, ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್; ವಾಸ ಗೋಡೆಗೆ ಗೋಡೆ ತಾಗಿದ ಸಾಲುಮನೆಗಳ ಒಂದು ಚಾಳಿನಲ್ಲಿ. ನೂಕುನುಗ್ಗಲಿನಲ್ಲಿ ಒಂದು ಕೈಯಿಂದ ಹಿಡಿಕೆ ಹಿಡಿದು, ಇನ್ನೊಂದನ್ನು ಗಾಳಿಯಲ್ಲಿ ಆಡಿಸುತ್ತ, ತಾವು ಬರೆಯುತ್ತಿದ್ದ ಕಥೆ ಹೇಳುತ್ತಿದ್ದರು. ಮುಂದೊಂದು ಕಾಲದಲ್ಲಿ ಸರಕಾರ ಊರಿನ ಮನೆಗಳ ಬಾಗಿಲುಗಳನ್ನೆಲ್ಲ ಕಿತ್ತುಕೊಂಡು ಹೋಗುತ್ತದೆ. ಯಾರೂ ಏನನ್ನೂ ಮುಚ್ಚಿಡುವಂತಿಲ್ಲ. "ಗ್ರಹಿಸಿ ನೋಡಿ ಮಾರಾಯ್ರೆ!" ಎಂದು ಅವರು ಕಣ್ಣರಳಿಸಿದಾಗಲೆಲ್ಲ ನಮ್ಮ ಮೈ ಜುಮ್ಮೆನ್ನುತ್ತಿತ್ತು.

ಕೊನೆಗೊಮ್ಮೆ ಪುಸ್ತಕ ಬಂತು. ಬಿಡುಗಡೆಯಲ್ಲಿ ನಾನೇ ಮಾತಾಡಬೇಕೆಂದು ಅವರ ಹಟ. ಓದಿದರೆ, ಮೂರನೇ ಅಧ್ಯಾಯಕ್ಕೇ ಜನ ಬಾಗಿಲಿನ ಜಾಗಕ್ಕೆ ಪರದೆ ಕಟ್ಟಿಕೊಂಡಿದ್ದರು. ಪಕ್ಕದ ಮನೆಯವರು ಸೀದಾ ಒಳಗೆ ಬಂದು ಸಾರು ಕೊಡುತ್ತಿದ್ದರು, ಅಳುವ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಸರಕಾರದ ಸುದ್ದಿಯೇ ಇಲ್ಲ. ಕೊನೆಯಲ್ಲಿ ಒಂದು ಮದುವೆ.

ಸಮಾರಂಭದ ದಿನ ಸಭಾಂಗಣದ ಮೆಟ್ಟಿಲ ಬಳಿ ಕೇಳಿಯೇಬಿಟ್ಟೆ: "ಹೆದರಿಕೆ ಎಲ್ಲಿ ಹೋಯ್ತು ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ನಾನು ಬರೀಲಿಕ್ಕೆ ಹೊರಟದ್ದು ಹೆದರಿಕೆಯೇ. ಬಾಗಿಲು ತೆಗೆದದ್ದೇ ತಡ, ನಮ್ಮ ಚಾಳಿನವರೆಲ್ಲ ಒಳಗೆ ಬಂದ್ರು. ಅವರನ್ನು ಹೊರಗೆ ಹಾಕ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಪುಸ್ತಕ ಹಾಳಾಯ್ತಾ?"

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತು ಮೊದಲ ಅಧ್ಯಾಯವನ್ನು ಮನಸಾರೆ ಹೊಗಳಿದೆ. ಮೂರನೆಯದಕ್ಕೆ ಬಂದಾಗ, ಪುಸ್ತಕ ಹಾಳಾಯಿತೋ ಬೆಳೆಯಿತೋ ತೀರ್ಮಾನವಾಗದೆ, ಪುಟ ತಿರುವತೊಡಗಿದೆ. ಎದುರಿನ ಸಾಲಿನಲ್ಲಿ ಅವರು ನನ್ನಷ್ಟೇ ಗಲಿಬಿಲಿಗೊಂಡು, ಮುಂದಿನ ಮಾತಿಗಾಗಿ ಕಿವಿಗೊಟ್ಟು ಕೂತಿದ್ದರು.